ಆರು ತಂತಿಯಲ್ಲಿ ಎರಡೇ ಸ್ವರ

ಅಮೆರಿಕದ ಜಾಝ್ ಗಿಟಾರ್ ವಾದಕ ಬಿಲ್ ಫ್ರಿಸೆಲ್ ನುಡಿಸಿದ್ದನ್ನು ಮೊದಲ ಸಲ ಕೇಳಿದಾಗ ಅದು ಗಿಟಾರ್ ಅಂತಲೇ ನನಗೆ ಗೊತ್ತಾಗಲಿಲ್ಲ. ಡ್ರಮ್ಸ್‌ಗೆ ಪಾಲ್ ಮೋಶಿಯನ್, ಸ್ಯಾಕ್ಸೊಫೋನ್‌ಗೆ ಜೋ ಲೊವಾನೊ, ಜೊತೆಗೆ ಫ್ರಿಸೆಲ್. ಮೂವರೇ, ಕೆಳಸ್ವರ ಹಿಡಿಯೋ ಬೇಸ್ ವಾದ್ಯ ಇಲ್ಲ. ಹಾರ್ಮೋನಿಯಂ ತಿದಿ ಮೆಲ್ಲಗೆ ಒತ್ತಿದ ಹಾಗೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯೋ ಸ್ವರಗಳ ಗುಂಪು, ಉಬ್ಬಿ ಬರುತ್ತಿತ್ತು. ತಂತಿ ಮೀಟಿದ ಸದ್ದು ಎಲ್ಲೂ ಇಲ್ಲ.

ಮಂಡ್ಯದಲ್ಲಿ ನಾನು ಬಾರಿಸೋದು ಮದುವೆ ಆರ್ಕೆಸ್ಟ್ರಾದಲ್ಲಿ. ಅಲ್ಲಿ ಕಾರ್ಡ್ ಅಂದರೆ ಕಸ ಗುಡಿಸಿದ ಹಾಗೆ ಆರೂ ತಂತಿ ಎಳೆಯೋದು. ಕೀಬೋರ್ಡಿನವನಿಗಿಂತ ಜೋರಾಗಿ ಕೇಳಿಸಿದರೆ ಗೆದ್ದ ಹಾಗೆ. ಅದೇ ಕೈ ಇಟ್ಟುಕೊಂಡು ಬೆಂಗಳೂರಿಗೆ ಹೋಗಿ, ನುಡಿಸಿದ್ದನ್ನು ಪ್ರತಿಧ್ವನಿ ಥರ ಮರಳಿ ಕೇಳಿಸೋ ಡಿಲೇ ಪೆಡಲ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಫ್ರಿಸೆಲ್ ಮೊದಲು ಬಳಸುತ್ತಿದ್ದದ್ದು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ 16 ಸೆಕೆಂಡಿನ ಡಿಲೇ, ಆಮೇಲೆ ಲೈನ್ 6ನ ಹಸಿರು ಡಿಎಲ್4. ನನಗೆ ಸಿಕ್ಕಿದ್ದು ಆ ಹಸಿರು ಡಬ್ಬ.

ಮೊದಲ ರಾತ್ರಿ ಇ ಮೇಜರ್ ಕಾರ್ಡ್ ಪೂರ್ತಿ ಎಳೆದೆ. ಅಡುಗೆಮನೆಯಿಂದ ಅಮ್ಮ, "ಏನ್ಲಾ ಅದು, ಹಾಳು ಬಾವಿಗೆ ಬಗ್ಗಿ ಕೂಗ್ದಂಗೈತೆ!" ಅಂದರು. ಸರಿಯಾಗೇ ಹೇಳಿದ್ದರು. ಆರು ಸ್ವರ ನಾಲ್ಕು ಸಲ ಮರುಕಳಿಸಿದರೆ ಇಪ್ಪತ್ತನಾಲ್ಕು. ಮುಂದಿನ ಕಾರ್ಡ್ ಹಿಡಿಯೋ ಹೊತ್ತಿಗೆ ಹಿಂದಿನದು ಇನ್ನೂ ಸತ್ತಿರೋದಿಲ್ಲ.

ಎರಡು ತಿಂಗಳು ಪೆಡಲ್ ಮುಟ್ಟಲಿಲ್ಲ. ಡಿ ಮೈನರ್ 7, ಜಿ 7, ಸಿ ಮೇಜರ್ 7, ಈ ಮೂರು ಕಾರ್ಡನ್ನೇ ಎರಡೆರಡು ಸ್ವರಕ್ಕೆ ಇಳಿಸಿದೆ. ಡಿ ಮೈನರ್ 7ಗೆ ನಾಲ್ಕನೇ ತಂತಿಯಲ್ಲಿ ಎಫ್ ಸ್ವರ, ಮೂರನೇ ತಂತಿಯಲ್ಲಿ ಸಿ. ಆ ಸಿ ಅನ್ನು ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಒಂದು ಮನೆ) ಇಳಿಸಿ ಬಿ ಮಾಡಿದರೆ ಜಿ 7. ಈಗ ಎಫ್ ಒಂದು ಫ್ರೆಟ್ ಇಳಿದು ಇ ಆದರೆ ಸಿ ಮೇಜರ್ 7. ಪ್ರತಿ ಸಲ ಒಂದೇ ಬೆರಳಿನ ಕೆಲಸ. ಕಾರ್ಡಿಗೆ ಹೆಸರು ಕೊಡೋ ಬೇರು ಸ್ವರ ಬಿಟ್ಟರೂ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತೆ. ಬೇಸ್ ಇಲ್ಲದ ತಂಡದಲ್ಲೂ ಆ ಮನುಷ್ಯ ಇಷ್ಟು ಕಡಿಮೆ ನುಡಿಸಿ ಹೇಗೆ ತಪ್ಪಿಸಿಕೊಳ್ಳುತ್ತಾನೆ ಅನ್ನೋದು ಅಲ್ಲಿ ಅರ್ಧ ತಿಳೀತು.

ಇನ್ನರ್ಧ ಬೆರಳೊತ್ತದ ಖಾಲಿ ತಂತಿಗಳಲ್ಲಿತ್ತು. ನಾಲ್ಕನೇ ತಂತಿ 10ನೇ ಫ್ರೆಟ್, ಮೂರನೇ ತಂತಿ 9ನೇ ಫ್ರೆಟ್ ಒತ್ತಿ, ಮೊದಲೆರಡು ತಂತಿ ಹಾಗೇ ಬಿಡಿ. ಒತ್ತಿದ ಸಿ ಪಕ್ಕದಲ್ಲೇ ಖಾಲಿ ಬಿ, ಅರ್ಧ ಸ್ವರದ ಅಂತರ, ಎರಡೂ ಉಜ್ಜಾಡುತ್ತವೆ. ಮೇಲೆ ಇ ಎರಡು ತಂತಿಯಲ್ಲಿ ಒಂದೇ ಶ್ರುತಿ. ಒಂದು ಕೂದಲೆಳೆ ಆಚೀಚೆಯಾದರೂ ತಂಬೂರಿ ಥರ ಅಲೆ ಏಳುತ್ತೆ. ಮಜಾ ಏನಂದರೆ ಇಲ್ಲಿ ತೆಳು ತಂತಿ ದಪ್ಪ ತಂತಿಗಿಂತ ಕೆಳಗಿನ ಸ್ವರ ಕೊಡುತ್ತೆ. ಮದುವೆಮನೆಯಲ್ಲಿ ಇದನ್ನು ಬಾರಿಸಿದರೆ ಗಾಯಕರು ತಿರುಗಿ ನೋಡ್ತಾರೆ, ಪ್ರೀತಿಯಿಂದಲ್ಲ.

ಮೀಟಿನ ಸದ್ದು ಅಳಿಸೋದು ವಾಲ್ಯೂಮ್ ಪೆಡಲ್. ಪಾದ ಎತ್ತಿ ಸದ್ದು ಮುಚ್ಚಿ ಮೀಟು, ಆಮೇಲೆ ಮೆಲ್ಲಗೆ ಒತ್ತು. ಫ್ರಿಸೆಲ್ ಚಿಕ್ಕಂದಿನಲ್ಲಿ ಕ್ಲಾರಿನೆಟ್ ಕಲಿತವರು; ಆ ಉಸಿರೇ ಪಾದಕ್ಕೆ ಇಳಿದಿದೆ ಅಂತ ನನ್ನ ಅನುಮಾನ. ನಾನು ವಾಲ್ಯೂಮ್ ಪೆಡಲ್ಲನ್ನು ಡಿಲೇ ಆದಮೇಲೆ ಜೋಡಿಸಿದ್ದೆ. ಪಾದ ಎತ್ತಿದರೆ ಪ್ರತಿಧ್ವನಿಯೂ ಕತ್ತರಿಸಿ ಹೋಗುತ್ತಿತ್ತು. ಮೂರು ವಾರ ಪೆಡಲ್ಲನ್ನೇ ಬೈದೆ. ಗಿಟಾರ್, ವಾಲ್ಯೂಮ್, ಡಿಲೇ ಅಂತ ಕೇಬಲ್ ಬದಲಾಯಿಸಿದ ಮೇಲೆ ನಾನು ಸುಮ್ಮನಾದರೂ ಹಿಂದಿನ ಸ್ವರ ತೇಲುತ್ತಾ ಉಳೀತು.

ಡಿಲೇ ಸಮಯಕ್ಕೆ ಲೆಕ್ಕ ಇದೆ: 60,000 ಅನ್ನು ಲಯದ ವೇಗದಿಂದ ಭಾಗಿಸಿದರೆ ಒಂದು ಬಡಿತ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತೆ. ನಿಮಿಷಕ್ಕೆ 80 ಬಡಿತದ ವೇಗಕ್ಕೆ 750. ಹಾಗೆ ಇಟ್ಟರೆ ಕವಾಯತು ಮಾಡಿದ ಹಾಗೆ ಕೇಳಿಸಿತು. ಗುಂಡಿ ತಿರುಗಿಸಿ ಲಯಕ್ಕೆ ಸಿಗದ ಜಾಗದಲ್ಲಿ ಬಿಟ್ಟೆ, ಮರುಕಳಿಕೆ ಎರಡೋ ಮೂರೋ, ಸದ್ದು ಮೂಲಕ್ಕಿಂತ ತುಂಬಾ ತಗ್ಗು.

ಈಗ ನನಗೆ ಹುಚ್ಚು ಹಿಡಿಸಿರೋದು ಲೂಪ್, ಅಂದರೆ ನುಡಿಸಿದ ತುಣುಕನ್ನು ಆ ಹಸಿರು ಡಬ್ಬ ಹಿಡಿದಿಟ್ಟು ಸುತ್ತಿ ಸುತ್ತಿ ಕೇಳಿಸೋದು. 14 ಸೆಕೆಂಡಿನೊಳಗೆ ಎರಡು ಸ್ವರ ತುಂಬಿ, ಅರ್ಧ ವೇಗದ ಸ್ವಿಚ್ ತುಳಿದರೆ ಅದೇ ಒಂದು ಸ್ಥಾಯಿ ಕೆಳಗಿಳಿದು ದುಪ್ಪಟ್ಟು ಉದ್ದ ಆಗುತ್ತೆ. ಇಲ್ಲದ ಬೇಸ್ ಸಿಕ್ಕಿತಲ್ಲ ಅಂತ ಅದರ ಮೇಲೆ ನುಡಿಸ್ತೀನಿ. ಮೊನ್ನೆ ಅಪರೂಪಕ್ಕೆ ಒಂದು ಚೆನ್ನಾಗಿ ಕೂತಿತ್ತು, ಕರೆಂಟ್ ಹೋಯ್ತು, ಲೂಪೂ ಹೋಯ್ತು.

ಒಂದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಕಾರ್ಡ್ ಹಿಡಿದು ಗಿಟಾರಿನ ಕತ್ತನ್ನೇ ಒಂಚೂರು ಒತ್ತಿ ಇಡೀ ಕಾರ್ಡನ್ನು ನಡುಗಿಸೋದು. ನನ್ನ ಗಿಟಾರ್ ಅದಕ್ಕೆ ಕಿರ್ ಅನ್ನುತ್ತೆ. ಶನಿವಾರ ಮುಹೂರ್ತದ ಪ್ರೋಗ್ರಾಂ ಇದೆ. ಅದು ಮುಗಿಯೋವರೆಗೂ ಆ ಕತ್ತಿನ ತಂಟೆಗೆ ಹೋಗೋದಿಲ್ಲ.