ಬಿಜಾಪುರವನ್ನು ನಡೆದೇ ನೋಡಿದೆವು, ಅದೂ ಅವ್ವನನ್ನು ಕರ್ಕೊಂಡು

ಬಿಜಾಪುರವನ್ನು ನಡ್ಕೊಂಡೇ ನೋಡ್ತೀವಿ ಅಂದಾಗ ಮೊದಲು ನಕ್ಕಿದ್ದು ಹುಬ್ಬಳ್ಳಿಯ ನಮ್ಮ ಭಾವ. "ಗೋಳಗುಮ್ಮಟ ಊರಿನ ಆ ತುದೀಗೈತಿ, ಇಬ್ರಾಹಿಂ ರೋಜಾ ಈ ತುದೀಗೈತಿ. ನಡುವ ಹತ್ತು ಕಟ್ಟಡ. ಅತ್ತಿಯವರ್ನ ಕರ್ಕೊಂಡು ನಡಸ್ತಿ ಏನು? ಸುಮ್ನ ಒಂದು ಕಾರು ಮಾಡು" ಅಂದರು. ಅವರು ನಕ್ಕಿದ್ದರಲ್ಲಿ ತಪ್ಪೇನಿರಲಿಲ್ಲ. ಅಷ್ಟೊತ್ತಿಗೆ ನಾನು ಎರಡು ಸಲ ಸೋತು ಬಂದಿದ್ದೆ.

ಊರಿನ ಹೆಸರು 2014ರಿಂದ ವಿಜಯಪುರ, ಬಸ್ಸಿನ ಬೋರ್ಡಿನಲ್ಲೂ ಅದೇ ಇದೆ. ನಮ್ಮ ಬಾಯಿಗೆ ಮಾತ್ರ ಬಿಜಾಪುರವೇ ಬರುತ್ತೆ. ಹಾಗೇ ಬರೀತೀನಿ.

ಮೊದಲನೇ ಸಲ ಹೋಗಿದ್ದು 2022ರ ಮೇ ತಿಂಗಳಲ್ಲಿ. ಮೇ ಅಂದಾಗಲೇ ನಿಮಗೆ ಗೊತ್ತಾಗಿರುತ್ತೆ. ಮಕ್ಕಳಿಗೆ ರಜೆ ಇತ್ತು, ತಲೆಯಲ್ಲಿ ಅದೊಂದೇ ಲೆಕ್ಕ. ಲಾಡ್ಜಿನಲ್ಲಿ ಎದ್ದು, ತಿಂಡಿ ತಿಂದು, ಗೋಳಗುಮ್ಮಟ ಸೇರುವಾಗ ಒಂಬತ್ತೂವರೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಆಗಲೇ ಇನ್ನೂರು ಜನ ಕೂಗುತ್ತಿದ್ದರು. ಪಿಸುಮಾತು ಹಾಗಿರಲಿ, ಪಕ್ಕದಲ್ಲಿ ನಿಂತ ಹೆಂಡತಿಯ ಮಾತೇ ಕೇಳಲಿಲ್ಲ. ಹನ್ನೆರಡಕ್ಕೆ ಜುಮ್ಮಾ ಮಸೀದಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ಹೊರಟೆವು. ಕಲ್ಲು ಕಾದ ಹಂಚಾಗಿತ್ತು. ಮಗ ಅಳುತ್ತಾ ಓಡಿದ. ಅವ್ವ ನೆರಳಲ್ಲಿ ಕೂತು, "ನಾ ಇನ್ನು ಏಳಲ್ಲಪ್ಪಾ" ಅಂದಳು. ಆಟೋ ಮಾಡಿದೆ. ಉಳಿದ ಜಾಗಕ್ಕೆಲ್ಲ ಸೇರಿ ಒಂಬೈನೂರು ರೂಪಾಯಿ, ಒಂದೊಂದು ಕಡೆ ಹತ್ತೇ ನಿಮಿಷ. ಇಬ್ರಾಹಿಂ ರೋಜಾ ಬಂದಾಗ ಆಟೋದಿಂದ ಯಾರೂ ಇಳಿಯಲಿಲ್ಲ. ಒಟ್ಟು ಏಳು ಸಾವಿರದ ಹತ್ತಿರ ಕೈ ಬಿಟ್ಟಿತ್ತು.

ಎರಡನೇ ಸಲ ಅದೇ ವರ್ಷ ಡಿಸೆಂಬರ್. ಈ ಸಲ ಬುದ್ಧಿವಂತಿಕೆ ಜಾಸ್ತಿ ಆಯ್ತು. ಗುಮ್ಮಟದ ಜನಜಂಗುಳಿ ತಪ್ಪಿಸೋಕೆ ಉಲ್ಟಾ, ಅಂದರೆ ಪಡುವಣ ತುದಿಯಿಂದ ಶುರು ಮಾಡಿದೆ. ಅವ್ವನ ಮಂಡಿನೋವಿಗೆ ಅಂತ ಮುನ್ನೂರೈವತ್ತು ಕೊಟ್ಟು ಮಡಚುವ ಸ್ಟೂಲನ್ನೂ ತಂದಿದ್ದೆ. ಹೋದ ದಿನ ಶುಕ್ರವಾರ. ಜುಮ್ಮಾ ಮಸೀದಿಗೆ ತಲುಪಿದ್ದು ಸರಿಯಾಗಿ ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಹೊರಗೆ ಕಾದೆವು. ಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂಗೂ ಶುಕ್ರವಾರ ರಜೆ. ಡಿಸೆಂಬರ್ ಆದ್ದರಿಂದ ಎಲ್ಲಿ ನೋಡಿದರೂ ಶಾಲಾ ಪ್ರವಾಸದ ಬಸ್ಸು. ಸಂಜೆ ಐದಕ್ಕೆ ಗುಮ್ಮಟ ಸೇರಿ ಮೆಟ್ಟಿಲು ನೋಡಿದ್ದೇ ಮಕ್ಕಳಿಬ್ಬರೂ ಕೂತುಬಿಟ್ಟರು. ಸ್ಟೂಲಿನ ಮೇಲೆ ಅವ್ವ ಒಂದು ಸಲವೂ ಕೂರಲಿಲ್ಲ. "ರಸ್ತೆ ಮೇಲೆ ಕುರ್ಚಿ ಹಾಕ್ಕೊಂಡು ಕೂರೋಕೆ ನಾನೇನು ಸಂತೆ ವ್ಯಾಪಾರದವಳಾ?" ಅಂದಳು. ದಿನವಿಡೀ ಅದನ್ನು ಹೊತ್ತವನು ನಾನು. ಈಗ ಅದು ಮನೆಯ ಹಿತ್ತಲಲ್ಲಿ ತುಳಸಿ ಕುಂಡದ ಕೆಳಗಿದೆ.

ಮೂರನೇ ಸಲ, 2024ರ ಜನವರಿ ಕೊನೆ ವಾರ, ಒಂದು ಮಂಗಳವಾರ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದಿರಬೇಕು, ಇಲ್ಲದಿದ್ದರೆ ಲಾಡ್ಜ್ ಸಿಗೋದು ಕಷ್ಟ. ದಾವಣಗೆರೆಯಿಂದ ಸರ್ಕಾರಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹಿಂದಿನ ದಿನವೇ ಹೋದೆವು. ಶಕ್ತಿ ಯೋಜನೆ ಬಂದ ಮೇಲೆ ಅವ್ವ, ಹೆಂಡತಿ, ಮಗಳು ಮೂವರಿಗೂ ಟಿಕೆಟ್ ಇಲ್ಲ. ಆಧಾರ್ ತೋರಿಸಿದರೆ ಮುಗೀತು. ನನ್ನದೊಂದು, ಮಗನ ಅರ್ಧ, ಹೋಗಿ ಬರೋಕೆ ಸಾವಿರದ ಆಸುಪಾಸು. ಸ್ಟೇಷನ್ ರಸ್ತೆಯಲ್ಲಿ ಲಾಡ್ಜು, ರಾತ್ರಿಗೆ ಸಾವಿರದ ನಾನೂರು, ಎರಡು ರಾತ್ರಿ. ಲಾಡ್ಜು ಗುಮ್ಮಟಕ್ಕೆ ನಡೆಯೋ ದೂರದಲ್ಲೇ ಇರಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಇಳಿದುಕೊಂಡರೆ ಬೆಳಿಗ್ಗೆಯೇ ಆಟೋ ಹತ್ತಬೇಕಾಗುತ್ತೆ, ಆಮೇಲೆ ನಡೆಯೋಕೆ ಯಾರಿಗೂ ಮನಸ್ಸು ಬರಲ್ಲ.

ಬೆಳಕು ಹರಿಯೋ ಹೊತ್ತಿಗೆ ಗುಮ್ಮಟದ ಗೇಟಿನಲ್ಲಿದ್ದೆವು. ಟೀ ಮಾತ್ರ ಕುಡಿದಿದ್ದೆವು, ತಿಂಡಿ ಇಲ್ಲ. ಹೊಟ್ಟೆ ತುಂಬಿದ ಮಕ್ಕಳು ಆ ಮೆಟ್ಟಿಲು ಹತ್ತಲ್ಲ. ಮೂಲೆಯ ಮಿನಾರಿನೊಳಗೆ ಏಳು ಅಂತಸ್ತು ಸುತ್ತಿಕೊಂಡು ಹೋಗುವ ಇಕ್ಕಟ್ಟಾದ ಮೆಟ್ಟಿಲು, ಒಂದೊಂದು ಕಡೆ ಮೊಣಕಾಲೆತ್ತರ. ಮಗ ಎಣಿಸುತ್ತಾ ಹೊರಟ, ಎಪ್ಪತ್ತರ ಮೇಲೆ ಲೆಕ್ಕ ತಪ್ಪಿತು. ಅವ್ವ ಕೆಳಗೇ ಉಳಿದಳು.

ಮೇಲೆ ನಮ್ಮನ್ನು ಬಿಟ್ಟರೆ ಒಬ್ಬ ಕಸ ಗುಡಿಸುವವ, ಒಂದಷ್ಟು ಪಾರಿವಾಳ. ಗ್ಯಾಲರಿಯ ಅಗಲ ಹತ್ತು ಹನ್ನೊಂದು ಅಡಿ. ಆ ಕಡೆಗೂ ಈ ಕಡೆಗೂ ನೂರಿಪ್ಪತ್ತು ಅಡಿಗಿಂತ ಜಾಸ್ತಿ ದೂರ. ನಾನು ಒಂದು ಪಕ್ಕ, ಮಗಳು ಎದುರು ಪಕ್ಕ. ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತೆವು. ನಾನು ಬೆಂಕಿಪೊಟ್ಟಣ ಅಲ್ಲಾಡಿಸಿದೆ. "ಅಪ್ಪಾ, ಕಡ್ಡಿ ಕಮ್ಮಿ ಇದಾವೆ" ಅಂತ ಗೋಡೆಯೊಳಗಿಂದ ಬಂದ ಹಾಗೆ ಅವಳ ದನಿ ಬಂತು. ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು. ಬಸ್ ಟಿಕೆಟ್ ಹರಿದೆ, ಅದೂ ಕೇಳಿಸಿತು. ಚಪ್ಪಾಳೆಗೆ ಏಳು ಪ್ರತಿಧ್ವನಿ ಅಂತಾರೆ, ಹತ್ತು ಅನ್ನೋರೂ ಇದ್ದಾರೆ. ಮಗ ಏಳು ಎಣಿಸಿದ, ನಾನು ಒಂಬತ್ತು. ಹೆಂಡತಿ ಮಾತ್ರ, "ರೀ, ಸಾಕು, ಕೆಳಗೆ ಅತ್ತೆ ಒಬ್ಬರೇ ಇದ್ದಾರೆ" ಅಂತ ಮೆಲ್ಲಗೆ ಅಂದಿದ್ದೂ ಇಡೀ ಗುಮ್ಮಟಕ್ಕೆ ಕೇಳಿತು. ಇದು ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾನ ಗೋರಿ, ಅವನು 1656ರಲ್ಲಿ ತೀರಿಕೊಂಡ. ಅವನ ಗೋರಿಯ ಮೇಲೆ ನಮ್ಮ ಸಂಸಾರದ ಮಾತು ಒಂಬತ್ತು ಸಲ ಸುತ್ತಿತು ಅಂತ ಇವತ್ತಿಗೂ ನಗ್ತೀವಿ.

ಇಳಿದು ಬಂದರೆ ಅವ್ವ ಕಾವಲುಗಾರನ ಜೊತೆ ಮಾತಿಗೆ ಕೂತಿದ್ದಳು. ದಕ್ಷಿಣದ ಬಾಗಿಲ ಮುಂದೆ ಸರಪಳಿಯಲ್ಲಿ ತೂಗುಹಾಕಿದ ಕಲ್ಲನ್ನು ತೋರಿಸಿ, "ಅದು ಸಿಡಿಲಿನ ಕಲ್ಲಂತೆ, ಗುಮ್ಮಟಕ್ಕೆ ಸಿಡಿಲು ಬಡಿಯಬಾರದು ಅಂತ ಕಟ್ಟಿದಾರಂತೆ" ಅಂತ ನನಗೇ ಪಾಠ ಹೇಳಿದಳು. ಎರಡು ಸಲ ಬಂದಿದ್ದ ನಾನು ಅದನ್ನು ನೋಡೇ ಇರಲಿಲ್ಲ.

ಹೊರಗೆ ಟಾಂಗಾದವರು ಕಾದಿದ್ದರು. "ಯಜಮಾನ್ರ, ನಡದ್ರ ಸಂಜಿತನಾ ಮುಗಿಯಂಗಿಲ್ರಿ, ಐದ್ನೂರು ಕೊಡ್ರಿ, ಎಲ್ಲಾ ತೋರಸ್ತೀನಿ." ಮಗ ಕುದುರೆಯನ್ನೇ ನೋಡ್ತಾ ನಿಂತ. ಇಲ್ಲಿ ನಾನೊಂದು ಲಂಚ ಇಟ್ಟಿದ್ದೆ. ಪ್ರತಿ ಕಟ್ಟಡದಲ್ಲಿ ಒಂದು ಪ್ರಶ್ನೆ, ಸರಿ ಉತ್ತರಕ್ಕೆ ಹತ್ತು ರೂಪಾಯಿ, ಟಾಂಗಾ ಹತ್ತಿದರೆ ಆಟ ರದ್ದು. ದಿನದ ಕೊನೆಗೆ ನನಗೆ ತೊಂಬತ್ತೋ ನೂರೋ ಹೋಯಿತು. ಟಾಂಗಾಕ್ಕಿಂತ ಸಸ್ತಾ.

ಪೂರಿ, ಮಿರ್ಚಿ, ಸುಸಲಾ ತಿಂದು ಜುಮ್ಮಾ ಮಸೀದಿಗೆ ಹೊರಟೆವು. ಸುಮಾರು ಒಂದು ಕಿಲೋಮೀಟರ್. ಒಂಬತ್ತಕ್ಕೆಲ್ಲ ಅಂಗಳ ಇನ್ನೂ ತಣ್ಣಗಿತ್ತು. ಈ ಸಲ ಎಲ್ಲರ ಬ್ಯಾಗಿನಲ್ಲೂ ಒಂದು ಜೊತೆ ದಪ್ಪ ಕಾಲುಚೀಲ, ಸಂತೆಯಲ್ಲಿ ಮೂವತ್ತು ರೂಪಾಯಿಗೆ ಸಿಗೋದು. ಮೇ ತಿಂಗಳ ಸುಟ್ಟ ಕಾಲು ಕಲಿಸಿದ ಪಾಠ ಅದು. ಒಳಗಿನ ನೆಲದಲ್ಲಿ ಒಬ್ಬೊಬ್ಬರು ನಮಾಜಿಗೆ ನಿಲ್ಲೋಕೆ ಗೆರೆ ಎಳೆದ ಚೌಕಗಳಿವೆ. 2,250 ಅಂತೆ, ಔರಂಗಜೇಬ ಊರು ಗೆದ್ದ ಮೇಲೆ ಹಾಕಿಸಿದ್ದು. ಪ್ರಶ್ನೆ ಅದೇ ಇತ್ತು. ಮಗಳು ಒಂದು ಸಾಲು ಎಣಿಸಿ, ಸಾಲುಗಳನ್ನು ಎಣಿಸಿ, ಗುಣಿಸಿ, ಹತ್ತಿರ ಹತ್ತಿರ ಬಂದಳು. ಹತ್ತು ರೂಪಾಯಿ ಕೊಟ್ಟೆ.

ಮೆಹತರ್ ಮಹಲಿನ ಬಾಗಿಲಲ್ಲಿ ಕಲ್ಲನ್ನು ಮರದ ಹಾಗೆ ಕೊರೆದಿದ್ದಾರೆ, ಬಾಲ್ಕನಿಯ ಆಸರೆಗಳನ್ನು ಕತ್ತೆತ್ತಿ ನೋಡಬೇಕು. ಅಸರ್ ಮಹಲನ್ನು ಕೊಳದ ಈಚೆಯಿಂದಲೇ ನೋಡಿದೆವು. ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. "ನೀವು ಹೋಗಿ ಬನ್ನಿ" ಅಂತ ಹೆಂಡತಿ ಅಂದ ದನಿಯಲ್ಲೇ ನಾನು ಹೋಗಬಾರದು ಅಂತ ಗೊತ್ತಾಯಿತು. ಗಗನ ಮಹಲ್, ಬಾರಾ ಕಮಾನ್ ಎರಡೂ ಹತ್ತಿರವೇ. ಮಕ್ಕಳು ಓಡಿಯಾಡೋಕೆ ಬಾರಾ ಕಮಾನಿಗಿಂತ ಒಳ್ಳೆ ಜಾಗ ಇಲ್ಲ. ಛಾವಣಿ ಇಲ್ಲ, ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಎರಡನೇ ಅಲಿ ಆದಿಲ್ ಶಾನ ಗೋರಿ, ಅರ್ಧಕ್ಕೇ ನಿಂತಿದ್ದು. "ದುಡ್ಡು ಖಾಲಿ ಆಯ್ತಾ?" ಅಂತ ಮಗ ಕೇಳಿದ. ಉತ್ತರ ನನಗೂ ಗೊತ್ತಿರಲಿಲ್ಲ, ಹತ್ತು ರೂಪಾಯಿ ಅವನಿಗೇ ಹೋಯಿತು.

ಹನ್ನೆರಡಕ್ಕೆ ನಡಿಗೆ ಬಂದ್. ಯಾವ ಕಾರಣಕ್ಕೂ ಮುಂದುವರಿಸಬೇಡಿ. ಗಾಂಧಿ ಚೌಕದ ಆಸುಪಾಸಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ಐದು ಜನಕ್ಕೆ ಐನೂರರ ಮೇಲೆ ಚೂರು. ಆಮೇಲೆ ಒಂದೂವರೆಯಿಂದ ಮೂರರವರೆಗೆ ನಿದ್ದೆ. ನಮ್ಮ ಇಡೀ ಪದ್ಧತಿ ನಿಂತಿರೋದೇ ಈ ನಿದ್ದೆಯ ಮೇಲೆ. ಎಲ್ಲಿ ಮಲಗಿದೆವು ಅಂತ ಮಾತ್ರ ಹೇಳಲ್ಲ. ನೆರಳಿದೆ, ನಲ್ಲಿಯಿದೆ, ಜಮಖಾನ ಹಾಸಿದರೆ ಕೇಳೋರಿಲ್ಲ. ಬರೆದರೆ ಮುಂದಿನ ಸಲ ನಮಗೇ ಜಾಗ ಇರಲ್ಲ. ಖಾನಾವಳಿ ಹೆಸರೂ ಅಷ್ಟೇ. ಹುಡುಕಿ, ರೊಟ್ಟಿ ತಟ್ಟೋ ಸದ್ದು ಬೀದಿಗೆ ಕೇಳುತ್ತೆ.

ಅವ್ವನಿಗೆ ಮಾಡಿದ ಲೆಕ್ಕ ಇಷ್ಟು. ಇಪ್ಪತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕೂತು ಮಾತು. ಕೂರೋಕೆ ಅಂತ ಹೇಳಿ ಕೂರಿಸಿದರೆ ಅವಳಿಗೆ ಅವಮಾನ. ಅದಕ್ಕೇ ದ್ರಾಕ್ಷಿ ಕೊಳ್ಳೋ ನೆಪ. ಆ ಕಾಲಕ್ಕೆ ಗಾಡಿಗಳಲ್ಲಿ ದ್ರಾಕ್ಷಿ ಬಂದಿರುತ್ತೆ. ಕಾಲು ಕೇಜಿ ಕೊಳ್ಳೋದು, ಎಲ್ಲಾದರೂ ಕಟ್ಟೆ ಮೇಲೆ ಕೂತು ತಿನ್ನೋದು. ದಿನಕ್ಕೆ ನಾಲ್ಕು ಸಲ ಕೊಂಡೆವು, ಎಲ್ಲಾ ಸೇರಿ ಒಂದು ಕೇಜಿ. ಒಟ್ಟಿಗೇ ಕೊಂಡಿದ್ದರೆ ಹತ್ತಿಪ್ಪತ್ತು ರೂಪಾಯಿ ಉಳೀತಿತ್ತು, ಅವ್ವ ಕೂರುತ್ತಿರಲಿಲ್ಲ.

ಮೂರೂವರೆಗೆ ಉಪಲಿ ಬುರುಜು. ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು, ಎಂಬತ್ತು ಅಡಿ ಎತ್ತರ. ಇದನ್ನು ಅವ್ವ ಹತ್ತಿದಳು! ನಿಧಾನಕ್ಕೆ, ಗೋಡೆ ಹಿಡ್ಕೊಂಡು, ಮೊಮ್ಮಗನನ್ನು ಹಿಂದೆ ಬಿಟ್ಕೊಂಡು. ಮೇಲೆ ಎರಡು ಉದ್ದನೆಯ ತೋಪು. ಅವಳು ತೋಪು ನೋಡಲಿಲ್ಲ. ಮೂಡಣ ಕಡೆ ಊರಿನ ತುದಿಯಲ್ಲಿ ಬೆಳಿಗ್ಗೆಯ ಗುಮ್ಮಟ ಬೋರಲು ಹಾಕಿದ ಬೋಗುಣಿಯ ಹಾಗೆ ಕಾಣುತ್ತಿತ್ತು. "ಅಲ್ಲಿಂದ ನಡ್ಕೊಂಡು ಬಂದ್ವಾ?" ಅಂತ ಎರಡು ಸಲ ಕೇಳಿದಳು. ಅಲ್ಲೇ ಫೋಟೊ ತೆಗೆದು ಭಾವನಿಗೆ ಕಳಿಸಿದೆ. ಅಷ್ಟು ಜಂಬ ಇರಬೇಕಲ್ವಾ.

ಮಲಿಕ್-ಎ-ಮೈದಾನ್ ಅನ್ನೋ ದೊಡ್ಡ ತೋಪು ಅಲ್ಲಿಂದ ಹತ್ತು ನಿಮಿಷ. ಐವತ್ತೈದು ಟನ್ ಅಂತಾರೆ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ಸಿಂಹದ್ದು, ಅದರ ಹಲ್ಲಿನ ಸಂದಿಯಲ್ಲಿ ಆನೆ ಸಿಕ್ಕಿಕೊಂಡಿದೆ. ಎಂಥ ಬಿಸಿಲಿಗೂ ತಣ್ಣಗಿರುತ್ತೆ ಅನ್ನೋದನ್ನು ಪರೀಕ್ಷೆ ಮಾಡೋಣ ಅಂತ ಒಂದು ಕೈ ತೋಪಿನ ಮೇಲೆ, ಒಂದು ಕೈ ಪಕ್ಕದ ಕಲ್ಲಿನ ಮೇಲೆ ಇಟ್ಟೆ. ಎರಡೂ ಉಗುರುಬೆಚ್ಚಗೆ. ಜನವರಿ ಸಂಜೆಯ ಪರೀಕ್ಷೆ ಲೆಕ್ಕಕ್ಕಿಲ್ಲ ಬಿಡಿ, ಮೇ ತಿಂಗಳಲ್ಲಿ ಇನ್ನೊಮ್ಮೆ ಬರೋ ಧೈರ್ಯ ನನಗಿಲ್ಲ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಕೂಗು ಬರೀ 150 ರೂಪಾಯಿ, ಆಮೇಲೆ ಹರಾಜು ರದ್ದಾಯಿತು. ಗುಮ್ಮಟಕ್ಕೂ ರೋಜಾಕ್ಕೂ ಸೇರಿ ಮೂವರು ದೊಡ್ಡವರ ಟಿಕೆಟ್ಟೂ ನೂರೈವತ್ತೇ, ತಲೆಗೆ ಇಪ್ಪತ್ತೈದರಂತೆ. ಮಕ್ಕಳಿಗೆ ಟಿಕೆಟ್ ಇಲ್ಲ.

ಇಬ್ರಾಹಿಂ ರೋಜಾಕ್ಕೆ ಐದರ ಒಳಗೆ ತಲುಪಿದೆವು. ಇಳಿ ಬಿಸಿಲಲ್ಲಿ ಅದನ್ನು ನೋಡಬೇಕು. ಒಂದೇ ಜಗಲಿಯ ಮೇಲೆ ಗೋರಿ ಒಂದು ಕಡೆ, ಮಸೀದಿ ಎದುರು ಕಡೆ, ನಡುವೆ ಕೊಳ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಅಕ್ಷರದ ಸಂದಿಯಿಂದಲೇ ಬೆಳಕು ಒಳಗೆ ಹೋಗೋದು. ಮಗಳು ಒಂದು ಅಕ್ಷರದ ತಿರುವಿಗೆ ಬೆರಳಿಟ್ಟು ಕೊನೆ ಹುಡುಕುತ್ತಾ ಬಹಳ ಹೊತ್ತು ನಿಂತಳು. ಕಟ್ಟಿಸಿದ ಮಲಿಕ್ ಸಂದಲ್ ಖರ್ಚನ್ನೂ ಗೋಡೆಯಲ್ಲಿ ಬರೆಸಿದ್ದಾನೆ, ಒಂದೂವರೆ ಲಕ್ಷ ಹೊನ್ನಿನ ಮೇಲೆ ಚಿಲ್ಲರೆ. ನನ್ನ ಹಾಗೆ ಲೆಕ್ಕ ಬರೆಯೋ ಮನುಷ್ಯ. ಅವನ ಮೇಲೆ ಪ್ರೀತಿ ಬಂತು.

ನನ್ನ ಲೆಕ್ಕ: ಬಸ್ಸು, ಲಾಡ್ಜು, ಊಟ, ದ್ರಾಕ್ಷಿ, ಲಂಚ ಎಲ್ಲಾ ಸೇರಿ ಆರು ಸಾವಿರದ ಒಳಗೆ. ಎರಡು ರಾತ್ರಿ ಉಳಿದೂ ಮೊದಲನೇ ಸಲಕ್ಕಿಂತ ಕಮ್ಮಿ. ಮೊಬೈಲು ತೋರಿಸಿದ ನಡಿಗೆ ಹನ್ನೊಂದು ಕಿಲೋಮೀಟರ್ ಚಿಲ್ಲರೆ, ಅದರಲ್ಲಿ ಮಗನ ಹಿಂದೆ ಓಡಿದ್ದೇ ಒಂದಿರಬೇಕು. ವಾಪಸ್ ಲಾಡ್ಜಿಗೆ ಮಾತ್ರ ಆಟೋ, ನೂರಿಪ್ಪತ್ತು. ಅದನ್ನು ಭಾವನಿಗೆ ಹೇಳಿಲ್ಲ.

ತಾಜ್ ಬಾವಡಿ ಬಿಟ್ಟಿದ್ದೆವು, ದಾರಿಯಿಂದ ಪಕ್ಕಕ್ಕೆ ಅಂತ. ಆಟೋದಲ್ಲಿ ಕಾಲು ನೀವಿಕೊಳ್ಳುತ್ತಾ ಅವ್ವ ಕೇಳಿದಳು, "ಆ ಬಾವಿ ಬಸ್ ಸ್ಟ್ಯಾಂಡ್ ಹತ್ತಿರ ಅಂತಲ್ಲ, ನಾಳೆ ಬಸ್ಸು ಎಷ್ಟು ಹೊತ್ತಿಗೆ?"