ಡಿಮೆನ್ಷಿಯಾ ಇರುವ ಸಂಗಾತಿಗೆ ಉದ್ರೇಕ ತಗ್ಗಿಸುವ ಔಷಧ: ಗಮನಿಸಬೇಕಾದ ಅಡ್ಡಪರಿಣಾಮಗಳು

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ) ಇರುವ ಪತಿ ಅಥವಾ ಪತ್ನಿ ಇದ್ದಕ್ಕಿದ್ದಂತೆ ಕೆರಳತೊಡಗಿದರೆ, ಮಾತ್ರೆ ಕೇಳುವ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ನೋವು ಇವೆಯೇ ಎಂದು ಪರೀಕ್ಷೆ ಮಾಡಿಸಿ. ಉದ್ರೇಕ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂತಹ ಔಷಧಗಳು ಇಂತಹ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿರುವುದರಿಂದ, ಅವು ಅನಿವಾರ್ಯವಾದರೆ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಎಷ್ಟು ದಿನಕ್ಕೆ ಮರುಪರಿಶೀಲನೆ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ. ಹಗಲಿನ ಮಂಪರು, ಕೈಕಾಲಿನ ಬಿಗಿತ, ನಡುಕ, ಎದ್ದು ನಿಂತಾಗ ತಲೆಸುತ್ತು, ನುಂಗಲು ತೊಡಕು ಕಂಡರೆ ಹೊತ್ತಿನ ಸಮೇತ ಬರೆದಿಡಿ. ಮನೆಯವರು ಶಾಂತತೆ ಎಂದು ಭಾವಿಸುವುದು ಎಷ್ಟೋ ಸಲ ಬರೀ ಮಂಪರಾಗಿರುತ್ತದೆ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಹಾಲೋಪೆರಿಡಾಲ್ ಎಂಬ ಇಂತಹದೇ ಔಷಧ ವಿಶೇಷವಾಗಿ ಅಪಾಯಕಾರಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಅಥವಾ ಜ್ವರದೊಂದಿಗೆ ಮೈ ಸೆಟೆದುಕೊಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಂತೆ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.