11 ವರ್ಷ ಕಾರು ಓಡಿಸಿದವಳು ಡ್ರೈವಿಂಗ್ ಟೆಸ್ಟ್‌ನಲ್ಲಿ ಫೇಲ್

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮೇಲಿನ ಮನೆಯ ಹುಬ್ಬಳ್ಳಿ ಹುಡುಗಿ ಎಂ.ಎಸ್. ಓದಲು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾಳೆ. "ಅಕ್ಕಾ, ಅಲ್ಲಿ ಲೈಸೆನ್ಸ್ ಹೆಂಗ ತಗೊಂಡ್ರಿ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ಮೆಟ್ಟಿಲ ಮೇಲೆ ನಿಂತು ಅರ್ಧಂಬರ್ಧ ಹೇಳಿದೆ. ಪೂರ್ತಿ ಕಥೆ ಇಲ್ಲಿದೆ. ನಾನು ಹೋದದ್ದು ಜೆ-1 ವೀಸಾದಲ್ಲಿ (ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರಿಗೆ ಕೊಡುವುದು), ಒಂದು ವರ್ಷ, ಡೇವಿಸ್ ಅನ್ನೋ ಊರಿನ ವಿಶ್ವವಿದ್ಯಾಲಯಕ್ಕೆ. ಬೇರೆ ರಾಜ್ಯಕ್ಕೆ ಹೋಗುವವರಿಗೆ ನಿಯಮವೂ ಬೇರೆ, ನನ್ನ ಮಾತು ನಂಬಿ ಹೋಗಬೇಡಿ.

ಹೊರಡುವ ಮೊದಲು ಎಲ್ಲರೂ ಹೇಳಿದ್ದು ಒಂದೇ: ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೋ. ಮಾಡಿಸಿಕೊಂಡೆ. ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, 1000 ರೂಪಾಯಿ ಶುಲ್ಕ, ಪಾಸ್‌ಪೋರ್ಟ್, ವೀಸಾ, ನಮ್ಮ ಲೈಸೆನ್ಸ್, ಆಮೇಲೆ ಸಂಗಮ್ ಬ್ರಿಜ್ ಹತ್ತಿರದ ಆರ್‌ಟಿಒಗೆ ಒಂದು ಓಡಾಟ. ಒಂದು ವರ್ಷ ನಡೆಯುವ ಪುಟ್ಟ ಪುಸ್ತಕ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಲೈಸೆನ್ಸ್ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ, ನಮ್ಮ ಲೈಸೆನ್ಸಿನ ಅನುವಾದ ಅಷ್ಟೇ. ನಮ್ಮ ಕಾರ್ಡೇ ಇಂಗ್ಲಿಷ್‌ನಲ್ಲಿದೆಯಲ್ಲ! ಪ್ರವಾಸಿಯಾಗಿ ಹೋದವರು ಊರಿನ ಲೈಸೆನ್ಸಲ್ಲೇ ಓಡಿಸಬಹುದು. ಅಲ್ಲೇ ಮನೆ ಮಾಡಿ ನೆಲೆಸಿದರೆ ಮಾತ್ರ 10 ದಿನದೊಳಗೆ ಅಲ್ಲಿನದಕ್ಕೆ ಅರ್ಜಿ ಹಾಕಬೇಕು. ಆದರೂ ಪುಸ್ತಕ ದಂಡ ಅನ್ನಲಾರೆ, ಬಾಡಿಗೆ ಕಾರು ಕೊಡುವವರು ಕೆಲವರು ಕೇಳುತ್ತಾರೆ.

ಅದಕ್ಕಿಂತ ಹೆಚ್ಚು ತಲೆ ತಿಂದದ್ದು ನನ್ನ ಹೆಸರು. ನನ್ನ ಊರು ತಿಪಟೂರು. ನಮ್ಮ ಕಡೆ ಸರ್‌ನೇಮ್ ಎಲ್ಲಿರುತ್ತೆ? ಇನಿಷಿಯಲ್ ಇರುತ್ತೆ. ಪುಣೆಯಲ್ಲಿ ಬ್ಯಾಂಕಿಗೆ ಹೋದರೂ ಗ್ಯಾಸ್ ಏಜೆನ್ಸಿಗೆ ಹೋದರೂ "ಆಡನಾವ್ ಕಾಯ್?" ಅಂತ ಕೇಳುತ್ತಾರೆ, ಇಲ್ಲ ಅಂದರೆ ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನೋ ಹಾಗೆ ನೋಡುತ್ತಾರೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ನನ್ನ ಹೆಸರು ಸರ್‌ನೇಮ್ ಜಾಗಕ್ಕೆ ಹೋಯಿತು, ಹೆಸರಿನ ಜಾಗಕ್ಕೆ ಎಫ್‌ಎನ್‌ಯು (FNU, ಫಸ್ಟ್ ನೇಮ್ ಅನ್‌ನೋನ್) ಬಂತು. ಹೆಸರು ಗೊತ್ತಿಲ್ಲ ಅಂತ ಅರ್ಥ! ಮನೆ ಕರಾರಿನಲ್ಲಿ ಮಾತ್ರ ನಾನು ಎಂದಿನಂತೆ ಇನಿಷಿಯಲ್ ಸೇರಿಸಿ ಬರೆದಿದ್ದೆ. ಡಿಎಂವಿ (ಅಲ್ಲಿನ ಆರ್‌ಟಿಒ) ಕೌಂಟರ್‌ನಲ್ಲಿ ವೀಸಾ, ಕರಾರು ಎರಡರ ಹೆಸರೂ ಹೊಂದಲಿಲ್ಲ. ಕರಾರು ತಿದ್ದಿಸಿಕೊಂಡು ಮತ್ತೆ ಹೋದೆ. ಸರ್‌ನೇಮ್ ಇಲ್ಲದವರಿಗೆ ನನ್ನ ಸಲಹೆ, ಆಗುವುದಾದರೆ ವೀಸಾಕ್ಕೆ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ. ಆಗದಿದ್ದರೆ ಅಲ್ಲಿ ಬ್ಯಾಂಕು, ಬಾಡಿಗೆ, ಎಲ್ಲ ಕಡೆ ವೀಸಾದಲ್ಲಿರುವಂತೆಯೇ ಬರೆಯಿರಿ, ಎಷ್ಟೇ ವಿಚಿತ್ರವಾಗಿ ಕಂಡರೂ.

ಇನ್ನೊಂದು ತಪ್ಪು ಅವಸರದ್ದು. ವಿಶ್ವವಿದ್ಯಾಲಯದವರು "ಸೆವಿಸ್‌ನಲ್ಲಿ (ವಿದೇಶಿ ವಿದ್ಯಾರ್ಥಿಗಳು, ವಿನಿಮಯದಲ್ಲಿ ಬಂದವರ ಸರ್ಕಾರಿ ಕಂಪ್ಯೂಟರ್ ದಾಖಲೆ) ನಿಮ್ಮ ದಾಖಲೆ ಆಕ್ಟಿವ್ ಆಗಲಿ, ಬಂದು ಹತ್ತು ದಿನವಾದರೂ ಕಳೆಯಲಿ, ಆಮೇಲೆ ಡಿಎಂವಿಗೆ ಹೋಗಿ" ಅಂದಿದ್ದರು. ನಾನು ನಾಲ್ಕನೇ ದಿನವೇ ಹೋದೆ. ವಲಸೆ ದಾಖಲೆ ಕಂಪ್ಯೂಟರ್‌ನಲ್ಲಿ ತಾಳೆಯಾಗಲಿಲ್ಲ, ವಾಪಸ್. ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟ್, ಜೆ-1ನವರಿಗೆ ವಿಶ್ವವಿದ್ಯಾಲಯ ಕೊಡುವ ಡಿಎಸ್-2019 ಪತ್ರ (ವಿದ್ಯಾರ್ಥಿಗಳಿಗೆ ಐ-20), ವಿಳಾಸದ ಪುರಾವೆ ಎರಡು, ಇಷ್ಟು ಒಂದು ಫೈಲಿನಲ್ಲಿ ಇರಲಿ.

ರಿಟನ್ ಟೆಸ್ಟ್ ಕಷ್ಟವಲ್ಲ. 36 ಪ್ರಶ್ನೆ, 30 ಸರಿ ಇರಬೇಕು, ಒಂದು ಅರ್ಜಿಗೆ ಮೂರು ಅವಕಾಶ. ಕೈಪಿಡಿ ಪುಕ್ಕಟೆ ಸಿಗುತ್ತದೆ. ಎರಡು ರಾತ್ರಿ ಓದಿ ಪಾಸಾದೆ.

ರಸ್ತೆ ಟೆಸ್ಟ್‌ಗೆ ಕಾರು ನಾವೇ ತರಬೇಕು, ಇನ್ಶೂರೆನ್ಸ್ ಇರಬೇಕು, ಲೈಸೆನ್ಸ್ ಇದ್ದವರು ಜೊತೆಗೆ ಬರಬೇಕು. ಲ್ಯಾಬಿನ ದಾವಣಗೆರೆ ಹುಡುಗನೊಬ್ಬ ತನ್ನ ಹಳೇ ಕೊರೊಲಾ ಕೊಟ್ಟು ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದ. ಪುಣೆಯ ನನ್ನ ಮಾರುತಿಯಲ್ಲಿ ಇಂಡಿಕೇಟರ್ ಬಲಗಡೆ, ಇದರಲ್ಲಿ ಎಡಗಡೆ. ಮೊದಲ ವಾರ ಪ್ರತಿ ತಿರುವಿನಲ್ಲೂ ಬಿರುಬಿಸಿಲಲ್ಲಿ ವೈಪರ್ ಆಡಿಸಿದೆ. "ಮೇಡಂ, ಮಳೆ ಇಲ್ಲ" ಅಂತ ಅವನು ಪ್ರತಿ ಸಲ ಹೇಳುತ್ತಿದ್ದ.

ಎಡ ಬಲ ಬೇಗ ಒಗ್ಗಿತು. ಒಗ್ಗದ್ದು ನಿಲ್ಲುವುದು. ಸ್ಟಾಪ್ ಬೋರ್ಡ್ ಇದ್ದರೆ ಗೆರೆಯ ಹಿಂದೆ ಚಕ್ರ ಪೂರ್ತಿ ನಿಲ್ಲಬೇಕು, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ. ನಾನೋ ಪುಣೆಯ ಗಲ್ಲಿಗಳಲ್ಲಿ ಓಡಿಸಿ ಪಳಗಿದವಳು. ನಿಧಾನ ಮಾಡಿ, ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲ ಅಂದರೆ ಹಾಗೇ ಸರಿದು ಹೋಗುವುದನ್ನೇ ಹುಷಾರಿನ ಡ್ರೈವಿಂಗ್ ಅಂದುಕೊಂಡಿದ್ದೆ. ಟೆಸ್ಟ್ ದಿನ ಮನೆಗಳ ಮಧ್ಯದ ಖಾಲಿ ರಸ್ತೆಯಲ್ಲಿ ಹಾಗೇ ಮಾಡಿದೆ. ಪಕ್ಕದಲ್ಲಿದ್ದ ಪರೀಕ್ಷಕಿ ಏನೂ ಹೇಳಲಿಲ್ಲ, ಏನೋ ಬರೆದುಕೊಂಡರು. ಚಿಕ್ಕ ತಪ್ಪು 15ರವರೆಗೆ ಇದ್ದರೂ ಪಾಸ್, ಇಂಥದ್ದು ಒಂದೇ ಆದರೂ ಫೇಲ್. ನನ್ನ ಹಾಳೆಯಲ್ಲಿ ಚಿಕ್ಕವೂ ಒಂಬತ್ತಿದ್ದವು, ಬಹುಪಾಲು ಒಂದೇ ತರ: ಲೇನ್ ಬದಲಿಸುವಾಗ ಕನ್ನಡಿ ಮಾತ್ರ ನೋಡಿದ್ದೆ, ತಲೆ ತಿರುಗಿಸಿ ಭುಜದ ಹಿಂದೆ ನೋಡಿರಲಿಲ್ಲ.

ನಾಚಿಕೆಯಾಯಿತು, ನಿಜ. ಭೋಸರಿ ಟ್ರ್ಯಾಕ್‌ನಲ್ಲಿ ಮೊದಲ ಸಲಕ್ಕೇ ಪಾಸಾದವಳು ನಾನು.

ಎರಡು ವಾರ ಬಿಟ್ಟು ಮತ್ತೆ ಸ್ಲಾಟ್ ಸಿಕ್ಕಿತು. ಅಷ್ಟರಲ್ಲಿ ನಿಂತಾಗಲೆಲ್ಲ ಬಾಯಲ್ಲೇ "ಒಂದು, ಎರಡು, ಮೂರು" ಎಣಿಸಿ ಹೊರಡುವುದು ರೂಢಿಯಾಯಿತು. ನಾಲ್ಕೂ ಕಡೆ ಸ್ಟಾಪ್ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದವರು ಮೊದಲು ಹೋಗುತ್ತಾರೆ, ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆಯವರು. ಹಾರ್ನ್ ಇಲ್ಲ, ಕೈ ಸನ್ನೆ ಇಲ್ಲ. ಇನ್ನು ಸೈಕಲ್ ಲೇನ್. ಅಮೆರಿಕದ ಮೊದಲ ಸೈಕಲ್ ಲೇನ್ ಬಂದದ್ದು ಡೇವಿಸ್‌ನಲ್ಲೇ, 1967ರಲ್ಲಿ, ಈಗಲೂ ಎಲ್ಲಿ ನೋಡಿದರೂ ಸೈಕಲ್ಲೇ. (ಪುಣೆಯನ್ನೂ ಒಂದು ಕಾಲಕ್ಕೆ ಸೈಕಲ್ ಊರು ಅನ್ನುತ್ತಿದ್ದರಂತೆ, ಈಗ ಕರ್ವೆ ರಸ್ತೆಯಲ್ಲಿ ನಿಂತು ಅದನ್ನು ಹೇಳಿದರೆ ನಗುತ್ತಾರೆ.) ಬಲಕ್ಕೆ ತಿರುಗುವಾಗ ಸೈಕಲ್ ಲೇನಿನಿಂದ ದೂರ ಇರಬೇಕು ಅಂತ ನಾನು ತಿಳಿದಿದ್ದೆ. ಹಾಗಲ್ಲ, ತಿರುವಿಗೆ 200 ಅಡಿಯೊಳಗೆ, ಹಿಂದೆ ಸೈಕಲ್ ಇಲ್ಲ ಅಂತ ತಲೆ ತಿರುಗಿಸಿ ನೋಡಿ, ಆ ಲೇನಿನೊಳಗೇ ಬಂದು ತಿರುಗಬೇಕು. ಈ ಸಲ ಮೂರೇ ತಪ್ಪು.

ಅಲ್ಲೇ ತಾತ್ಕಾಲಿಕ ಕಾಗದ ಕೊಟ್ಟರು, ಕಾರ್ಡ್ ಆಮೇಲೆ ಪೋಸ್ಟ್‌ನಲ್ಲಿ ಬಂತು. ಅವಧಿ ಡಿಎಸ್-2019 ಮುಗಿಯುವ ದಿನಕ್ಕೇ ಮುಗಿಯುತ್ತದೆ, ಐದು ವರ್ಷದ್ದು ಸಿಗುತ್ತೆ ಅಂತ ಕಾಯಬೇಡಿ. ಫೋಟೋ ಪಕ್ಕ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗಿತ್ತು. ಫೋಟೋ ತೆಗೆದು ಪುಣೆಗೆ ಕಳಿಸಿದೆ. ನಮ್ಮನೆಯವರು ಸಿಟ್ಟು ಬಂದಾಗ ಈಗಲೂ "ಏನಮ್ಮ ಫ್ನೂ" ಅಂತಲೇ ಕರೆಯುತ್ತಾರೆ.